ಗಂಗೂಬಾಯಿಯ ಗೋಬರ್ ಗ್ಯಾಸ್ ಯಾಕೆ ನಿಂತಿತು?

ನಂದಗಡದ ಗಂಗೂಬಾಯಿಯ ಮನೆಯಲ್ಲಿ ಗೋಬರ್ ಗ್ಯಾಸಿನ ಒಲೆ ಆರಿ ಎಂಟು ದಿನವಾಗಿತ್ತು. ಕಡ್ಡಿ ಗೀರಿದರೆ ಕಡ್ಡಿಯೇ ಸುಟ್ಟು ಹೋಗುತ್ತಿತ್ತು, ಒಲೆ ಹತ್ತುತ್ತಿರಲಿಲ್ಲ.

ಗ್ಯಾಸ್ ಸೋರುತ್ತಿದೆಯೇ ಎಂದು ಮಗ ಸುಮಂತ ಪೈಪಿಗೆಲ್ಲ ಸಾಬೂನು ನೀರು ಹಚ್ಚಿ ನೋಡಿದ. ಎಲ್ಲೂ ಗುಳ್ಳೆ ಏಳಲಿಲ್ಲ. ಎಮ್ಮೆಗಳು ಮೊದಲಿನಷ್ಟೇ ಸಗಣಿ ಹಾಕುತ್ತಿದ್ದವು. ದಿನವೂ ಅದನ್ನು ಕಲಸಿ ಗುಂಡಿಗೆ ಬಿಡುವುದೂ ತಪ್ಪಿರಲಿಲ್ಲ. ಹಾಗಾದರೆ ಗ್ಯಾಸ್ ಎಲ್ಲಿ ಹೋಯಿತು? ಯಾರಿಗೂ ತಿಳಿಯಲಿಲ್ಲ. ಕರಗದ ಸಗಣಿ ಗುಂಡಿಯಿಂದ ಉಕ್ಕಿ, ನಾರುತ್ತ ಹಳ್ಳದ ಕಡೆ ಹರಿಯತೊಡಗಿತು. ಗಂಗೂಬಾಯಿ ಮತ್ತೆ ಕಟ್ಟಿಗೆ ಒಲೆಯ ಮುಂದೆ ಕೂತು ಕೆಮ್ಮತೊಡಗಿದಳು.

ಬಾಜು ಮನೆಯ ಶಿವಬಸವ್ವ ಬಂದು ದನಿ ತಗ್ಗಿಸಿದಳು.

“ವೈನಿ, ಸಿಟ್ಟಾಗಬ್ಯಾಡ್ರಿ. ಸೊಸಿ ಬಂದು ಎಷ್ಟ ದಿನಾ ಆತು?”

“ಎರಡ ತಿಂಗಳಾತವ್ವಾ.”

“ಆರು ವರ್ಷ ಉರದಿದ್ದ ಒಲಿ ಈಗ ಆರೈತಿ. ಕಾಲ್ಗುಣ ಅಂತಾರಲ್ರೀ...”

ಸೊಸೆ ಮುಗ್ಧಾ ಅಂಗಳದಲ್ಲೇ ಇದ್ದಳು. ಬೆಳಗಾವಿಯ ಶಿವಬಸವ ನಗರದಲ್ಲಿ ಬೆಳೆದವಳು, ಡಿಗ್ರಿ ಓದಿದವಳು. ಅಂಥ ಮಾತು ನಂಬುವವಳಲ್ಲ. ಆದರೂ ಆ ದಿನ ಅವಳಿಗೆ ಊಟ ಸೇರಲಿಲ್ಲ. ‘ನಾನು ಬಂದ ಮೇಲೆಯೇ ನಿಂತಿದ್ದು ನಿಜವಲ್ಲವೇ? ಯಾಕೆ?’ ಮರುದಿನ ಅತ್ತೆ ತುಳಸಿ ಪೂಜೆಗೆ ಸೊಸೆಯನ್ನು ಕರೆಯಲಿಲ್ಲ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮುಗ್ಧಾ ತಾನೇ ಫೋನ್ ಮಾಡಿ ಖಾನಾಪುರದಿಂದ ಪದ್ಮಶ್ರೀಯನ್ನು ಕರೆಸಿದಳು. ಗೋಬರ್ ಗ್ಯಾಸ್ ಗುಂಡಿಗಳನ್ನು ನೋಡಿಕೊಳ್ಳುವುದೇ ಪದ್ಮಶ್ರೀಯ ಕೆಲಸ.

“ಸಗಣಿ, ನೀರು ಬಿಟ್ಟು ಇನ್ನೇನು ಹೋಗತೈತಿ ಗುಂಡಿಗೆ?” ಎಂದು ಅವಳು ಕೇಳಿದಳು.

“ಏನೂ ಇಲ್ಲವ್ವಾ,” ಎಂದಳು ಗಂಗೂಬಾಯಿ.

ಮುಗ್ಧಾ ತಡೆದಳು. “ಕೊಟಗಿ ತೊಳದ ನೀರು ಹೋಗತೈತ್ರಿ. ವಾಸನಿ ಬರಬಾರದಂತ ನಾ ದಿನಾ ಒಂದ ಬಾಟ್ಲಿ ಫಿನಾಯಿಲ್ ಹಾಕತೀನಿ.”

“ಹಂಗಾರ ಒಲಿ ಉರಸಾವ್ರನ್ನ ನೀವ ಕೊಂದೀರಿ!”

“ಯಾರನ್ನ್ರೀ?” ಮುಗ್ಧಾ ಗಾಬರಿಯಾದಳು.

“ಗುಂಡ್ಯಾಗ ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಾಣು ಅದಾವ. ಸಗಣಿ ತಿಂದು ಗ್ಯಾಸ್ ಬಿಡತಾವ. ಉಳದ ರಾಡಿ ಅಷ್ಟು ನಾರೂದಿಲ್ಲ, ಹೊಲಕ್ಕ ಗೊಬ್ಬರ ಆಗತೈತಿ. ಫಿನಾಯಿಲ್ ಬಿದ್ರ ಅವು ಸಾಯತಾವ.”

“ಸಾಲ್ಯಾಗ ಕೀಟಾಣು ಕೊಲ್ರಿ ಅಂತ ಕಲಿಸ್ಯಾರ. ನೀವು ಸಾಕ್ರಿ ಅಂತೀರಿ. ಯಾವುದು ಖರೇ?” ಎಂದು ಮುಗ್ಧಾ ಕೇಳಿದಳು.

“ಎರಡೂ ಖರೇ. ಸಗಣಿ ಮುಟ್ಟಿದ ಮ್ಯಾಲೆ ಸಾಬಾಣ ಹಚ್ಚಿ ಕೈ ತೊಳೀಲೇಬೇಕು. ರೋಗ ತರೂವು ಬ್ಯಾರೆ, ಹೊಲಸು ಕರಗಸೂವು ಬ್ಯಾರೆ. ಮೊಸರಿನ ಹೆಪ್ಪಿನ್ಯಾಗ ಇರೂವೂ ಜೀವಾಣುನ ಅಲ್ಲೇನ್ರಿ?”

ನೋಡಲು ಬಂದು ನಿಂತಿದ್ದ ಶಿವಬಸವ್ವ ಮುಖ ತಿರುವಿದಳು. “ಕಣ್ಣಿಗೆ ಕಾಣದ್ದು ಎಮ್ಮಿ ಸಗಣಿ ತಿಂತೈತಿ? ನಾ ನಂಬಾಂಗಿಲ್ಲವಾ.”

“ನಂಬಬ್ಯಾಡ್ರಿ. ನಿಮ್ಮನಿ ಗುಂಡಿ ಚಾಲೂ ಐತಲ್ಲ, ಅದರ ರಾಡಿ ನಾಕ ಕೊಡ ಕೊಡ್ರಿ. ಆಮ್ಯಾಲೆ ನೋಡೂಣು.”

ಫಿನಾಯಿಲ್ ನಿಂತಿತು. ಹಳೆಯ ರಾಡಿಯನ್ನು ಪದ್ಮಶ್ರೀ ಹೊರಬಾಯಿಯಿಂದಲೇ ಒಂದಿಷ್ಟು ತೆಗೆಸಿದಳು. “ಒಳಗ ಯಾರೂ ಇಳೀಬ್ಯಾಡ್ರಿ, ಬಾಜುಕ ಕಡ್ಡಿ ಗೀರಬ್ಯಾಡ್ರಿ. ಜೀವಾ ಹೋಗತೈತಿ,” ಎಂದು ಎಚ್ಚರಿಸಿದಳು. ಶಿವಬಸವ್ವನ ಮನೆಯ ರಾಡಿ, ಹೊಸ ಸಗಣಿ, ಸಗಣಿಯಷ್ಟೇ ನೀರು ಗುಂಡಿಗೆ ಸೇರಿದವು.

ಒಂದು ವಾರ ಏನೂ ಆಗಲಿಲ್ಲ. ಎರಡನೆಯ ವಾರವೂ ಇಲ್ಲ. ಮುಗ್ಧಾಳಿಗೆ ಮತ್ತೆ ಗೊಂದಲ: ಪದ್ಮಶ್ರೀ ಹೇಳಿದ್ದೇ ತಪ್ಪೇನೋ? ನಾಲ್ಕನೆಯ ವಾರ ಪದ್ಮಶ್ರೀ ಬಂದು, ಮೊದಲು ತುಂಬಿದ, ಗಾಳಿ ಬೆರೆತ ಗ್ಯಾಸನ್ನು ಬಯಲಿಗೆ ಬಿಟ್ಟು, ಎರಡು ದಿನ ಕಾದು ಒಲೆ ಹಚ್ಚಲು ಹೇಳಿದಳು.

ಎರಡು ದಿನ ಕಳೆದ ಮೇಲೆ ಗಂಗೂಬಾಯಿ ಕಡ್ಡಿಪೆಟ್ಟಿಗೆಯನ್ನು ಸೊಸೆಯ ಕೈಗಿಟ್ಟಳು. “ನೀನ ಹಚ್ಚು ಮಗಳ.”

ನೀಲಿ ಉರಿ ಭುಗ್ಗೆಂದಿತು.

“ತಪ್ಪಾತವಾ, ಅನಬಾರದ್ದು ಅಂದೆ,” ಎಂದಳು ನೋಡಲು ಬಂದಿದ್ದ ಶಿವಬಸವ್ವ.

ಮುಗ್ಧಾ ನಕ್ಕಳು. “ಫಿನಾಯಿಲ್ ಹಾಕಿದಾಕಿ ನಾನ ಅಲ್ಲೇನ್ರಿ ಕಾಕೂ!”

ಅಕ್ಕಂದಿರೇ, ಅಣ್ಣಂದಿರೇ, ಗೋಬರ್ ಗ್ಯಾಸಿನ ಗುಂಡಿಯಿರಲಿ, ಪಾಯಿಖಾನೆಯ ಗುಂಡಿಯಿರಲಿ, ಒಳಗೆ ನಿಮಗಾಗಿ ದುಡಿಯುವ ಜೀವಗಳಿವೆ. ಅವುಗಳ ಮೇಲೆ ಫಿನಾಯಿಲ್, ಆಸಿಡ್, ಬ್ಲೀಚಿಂಗ್ ಸುರಿಯಬೇಡಿ. ಕೆಟ್ಟರೆ ತಿಳಿದವರನ್ನು ಕರೆಯಿರಿ, ನೀವೇ ಇಳಿಯಬೇಡಿ. ಈಗಲೇ ಎದ್ದು, ನಿಮ್ಮ ಕೊಟ್ಟಿಗೆಯ ನೀರು ಎಲ್ಲಿ ಹೋಗಿ ಸೇರುತ್ತದೆ ಎಂದು ನೋಡಿ ಬನ್ನಿ.