ಒದ್ದೆಯಿರಬೇಕಾದ ಒಂದು ಗಂಟೆ

ಸಾಬೂನು ನೀರಿಗೆ ಮೇಲಿನ ರಕ್ತ ಬಿಟ್ಟಿತು. ಸಿಮೆಂಟಿನ ಬಿರುಕಿನೊಳಗಿನದು ಬಿಡಲಿಲ್ಲ. ರಂಜಿತಾ ತಂತಿ ಬ್ರಶ್ಶು ಹಿಡಿದಳು.

ಬೆಳಿಗ್ಗೆ ಪಶು ಆಸ್ಪತ್ರೆಯ ಹಿಂದಿನ ಈ ಕಟ್ಟೆಗೆ ಕುರಿಗಾರರು ಸತ್ತ ಕುರಿಯೊಂದನ್ನು ತಂದಿಳಿಸಿದ್ದರು. ಮೂಗಿನಿಂದ ಕಪ್ಪು ರಕ್ತ ಕಟ್ಟೆಗೆ ಸೋರಿತ್ತು. ಆಸ್ಪತ್ರೆಯ ಪ್ರಯೋಗಾಲಯದ ಪರೀಕ್ಷಕಿ ರಂಜಿತಾ ಹೊಟ್ಟೆ ಕೊಯ್ಯಗೊಡಲಿಲ್ಲ. ಕಿವಿಯ ಒಂದು ಹನಿ ರಕ್ತವನ್ನು ಗಾಜಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಳು: ನೆರಡಿ ರೋಗ, ಅಂದರೆ ಆಂಥ್ರಾಕ್ಸ್. ಸುಣ್ಣ ಹಾಕಿ ಆಳಕ್ಕೆ ಹೂಳಿಸಿದಳು. ಕೊಯ್ದರೆ ಗಾಳಿ ತಗುಲಿ ಕ್ರಿಮಿ ಚಿಪ್ಪು ಕಟ್ಟಿಕೊಳ್ಳುತ್ತದೆ. ಆಮೇಲೆ ಬಿಸಿಲಿಗೂ ಜಗ್ಗದು, ಫಿನಾಯಿಲಿಗೂ ಜಗ್ಗದು, ಮೊಮ್ಮಕ್ಕಳ ಕಾಲದವರೆಗೂ ಕಾದಿರುತ್ತದೆ.

ಅಂಥ ತಾಳ್ಮೆ ಅವಳಿಗೂ ಇತ್ತು. ಕೋಟಿನ ಜೇಬಿನಲ್ಲಿ ಮೂರು ವರ್ಷದ ಹಿಂದೆ ಬರೆದ ಕಾಗದವಿತ್ತು.

ಚಿಪ್ಪಿನೊಳಗಿನ ಕ್ರಿಮಿ ಸಾಯಲು ನೀರಿಗೆ ಬ್ಲೀಚು, ಕೊನೆಗೆ ಅಳೆದಷ್ಟು ವಿನಿಗರ್. ಕ್ರಮ ತಪ್ಪಿದರೆ ಎದೆ ಸುಡುವ ಗಾಳಿ ಏಳುತ್ತದೆ. ಕಟ್ಟೆಗೆ ಸುರಿದಳು. ಒಂದು ಗಂಟೆ ಒದ್ದೆಯಿರಬೇಕು.

"ಏನಮ್ಮ, ಇನ್ನೂ ಉಜ್ತಾ ಇದೀಯಾ?" ಡಾಕ್ಟರ್ ನಾಗಭೂಷಣ ಕೊರಳ ಹಾರದ ಸಮೇತ ಬಂದರು. ಇವತ್ತು ಅವರ ನಿವೃತ್ತಿ. "ಒಂದು ಬಕೀಟು ಫಿನಾಯಿಲ್ ಸುರಿದು ಬರಬಾರ್ದಾ? ಕೇಸರಿಬಾತ್ ಆರ್ತೈತೆ."

"ಆವತ್ತು ಅದನ್ನೇ ಸುರಿದಿದ್ದೆ ಸರ್."

"ಯಾವತ್ತು?"

"ನಮ್ಮಪ್ಪ ಕಾಲು ಹಿಡ್ಕಂಡಿದ್ದ."

"ಯಾರ ಕಾಲು?"

"ಕುರಿದು."

ಅವರು ನೆನಪು ಮಾಡಿಕೊಳ್ಳುವವರ ಹಾಗೆ ಹಾರದ ಎಸಳೊಂದನ್ನು ಕಿತ್ತು, "ಬೇಗ ಬಾರಮ್ಮ, ಫೋಟೋ ಐತೆ" ಎಂದು ಹೋದರು.

ಮರೆತಿದ್ದಾರೆ. ಮರೆತವರನ್ನು ಸುಮ್ಮನೆ ಬಿಡಬಾರದು.

ಮೂರು ವರ್ಷದ ಹಿಂದೆ ಆವತ್ತು ತಾಳ್ಯದ ಕಡೆಯಿಂದ ಅಪ್ಪ ಕಾಟಲಿಂಗಪ್ಪನೇ ಸತ್ತ ಕುರಿ ತಂದಿದ್ದ. ಡಾಕ್ಟರ್ ನಾಗಭೂಷಣ ರಕ್ತ ಪರೀಕ್ಷಿಸದೆ ಚಾಕು ಹಾಕಿದರು. ಐದನೆಯ ದಿನಕ್ಕೆ ಅಪ್ಪನ ಮುಂಗೈ ಮೇಲೆ ಕಪ್ಪು ಹಕ್ಕಳೆ. ಹತ್ತನೆಯ ದಿನಕ್ಕೆ ಅಪ್ಪನೇ ಇಲ್ಲ. ಇಲಾಖೆಗೆ ದೂರು ಬರೆದ ಆ ಕಾಗದದಲ್ಲಿ ಇಷ್ಟೂ ಇತ್ತು. ನಾಳೆಯಿಂದ ಡಾಕ್ಟರು ಬರೀ ಪಿಂಚಣಿದಾರರು; ಅವರ ಕಡತವನ್ನು ಯಾರೂ ಬಿಚ್ಚುವುದಿಲ್ಲ.

ಅಂಚೆಗೆ ಹಾಕದಂತೆ ಇಷ್ಟು ದಿನ ತಡೆದದ್ದು ತನ್ನ ಬಗ್ಗೆಯೇ ಬರೆದ ಕೊನೆಯ ಸಾಲು. ಕೊಯ್ದಾದ ಮೇಲೆ ಕಟ್ಟೆ ತೊಳೆದವಳು ಅವಳು. ಬ್ಲೀಚು ಬೀರುವಿನಲ್ಲಿತ್ತು; ಬೀಗದಕೈ ಹುಡುಕಲು ಬೇಸರವಾಗಿತ್ತು. "ಶುದ್ಧ ಆಗೈತೆ, ಕುಂತ್ಕಳಪ್ಪ" ಅಂದಿದ್ದಳು. ಅಪ್ಪ ಕಟ್ಟೆಗೆ ಕೈಯೂರಿ ಕುಳಿತು ರೊಟ್ಟಿ ಬಿಚ್ಚಿದ್ದ.

ಅಪ್ಪನನ್ನು ಕೊಂದದ್ದು ಚಾಕುವೋ, ಕಟ್ಟೆಯೋ?

ಗಂಟೆ ಮುಗಿಯಿತು. ನೀರು ಹೊಯ್ದು ತೊಳೆದಳು. ಬಿರುಕು ಬೆಳ್ಳಗಾಗಿತ್ತು, ಮುಚ್ಚಿರಲಿಲ್ಲ. ಕಾಗದ ತೆಗೆದು ಕೊನೆಯ ಸಾಲು ಓದಿದಳು. ಹೊಡೆದುಹಾಕಲಿಲ್ಲ. ಬ್ಲೀಚು ಹತ್ತಿದ ಗ್ಲೌಸು ತೆಗೆದಿರಲಿಲ್ಲವೆಂಬುದು ಹೆಬ್ಬೆರಳಿನಡಿ ನೀಲಿ ಶಾಯಿ ಬಿಳುಚಿಕೊಂಡಾಗ ಗೊತ್ತಾಯಿತು. ಆ ಬಿಳುಪಿನ ಮೇಲ್ಗಡೆ ನಾಗಭೂಷಣರ ಹೆಸರು, ಕೆಳಗಡೆ ಅವಳದು.

ಒರೆಸಲಿಲ್ಲ. ಹಾಗೇ ಮಡಚಿ, ವಿಳಾಸ ಬರೆದಿಟ್ಟ ಕವರಿಗೆ ಹಾಕಿ ಅಂಟಿಸಿ, ಗೇಟಿನ ಬಳಿಯ ಕೆಂಪು ಡಬ್ಬಿಗೆ ಬಿಟ್ಟಳು. ಆಸ್ಪತ್ರೆಯೊಳಗೆ ಬೀಳ್ಕೊಡುಗೆಯ ಚಪ್ಪಾಳೆ ಬಿತ್ತು.

ಡಬ್ಬಿಯ ಕತ್ತಲಲ್ಲಿ ಆ ಬಿಳುಪು ಇನ್ನೂ ಒದ್ದೆಯಿತ್ತು. ಮೇಲಿನ ಹೆಸರಿಗೋ ಕೆಳಗಿನ ಹೆಸರಿಗೋ, ಹರಡುತ್ತಿತ್ತು.