ಲೈಟ್‌ಹೌಸ್ ಮುಂದೆ ಪುಟ್ಟತಾಯಮ್ಮ

ಹಾಸನದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದ ಫೋಟೊ ನನ್ನ ಸ್ಟುಡಿಯೊ ಗೋಡೆಯ ಮೇಲಿತ್ತು. ಕಾಪುವಿನ ಲೈಟ್‌ಹೌಸ್, ಅದರ ಮುಂದೆ ಬಂಡೆ, ಬಂಡೆಯ ಮೇಲೆ ನಮಗೆ ಬೆನ್ನು ಹಾಕಿ ನಿಂತ ಒಬ್ಬ ಹೆಂಗಸು. ಈಗ ನೆನೆದರೆ ಹೇಸಿಗೆಯಾಗುತ್ತದೆ. ಫೋಟೊ ಮೇಲಲ್ಲ, ತೆಗೆದವನ ಮೇಲೆ.

ಆ ಹೆಂಗಸು ಪುಟ್ಟತಾಯಮ್ಮ. ಅರಕಲಗೂಡಿನಲ್ಲಿ ನನ್ನ ಅಂಗಡಿಯ ಹಿಂದಿನ ಮನೆಯವರು. ಬೆಳಗ್ಗೆ ನಾನು ಷಟರ್ ಎತ್ತಿದ ಸದ್ದು ಕೇಳಿದರೆ ಸಾಕು, ಕಾಫಿ ಲೋಟ ಹಿಡಿದು ಬರುತ್ತಿದ್ದರು. ಹೋದ ವರ್ಷ ಬೀದಿಯವರೆಲ್ಲ ಟೆಂಪೊ ಮಾಡಿಕೊಂಡು ಧರ್ಮಸ್ಥಳಕ್ಕೆ ಹೋಗಿ, ಹಾಗೇ ಕಾಪುವಿಗೂ ಹೋದೆವು. ನಾನು ಆಗಷ್ಟೇ ಹಾಸನದಲ್ಲಿ ಎರಡು ದಿನದ ಫೋಟೊಗ್ರಫಿ ತರಬೇತಿ ಮುಗಿಸಿದ್ದೆ. ಚೌಕಟ್ಟನ್ನು ಮೂರು ಪಾಲು ಮಾಡು, ಮುಖ್ಯವಾದದ್ದನ್ನು ನಟ್ಟನಡುವೆ ಇಡಬೇಡ, ಮನುಷ್ಯರನ್ನು ಚಿಕ್ಕದಾಗಿ ತೋರಿಸು. ತಲೆಯಲ್ಲಿ ಇದೇ ಮದ.

ಪುಟ್ಟತಾಯಮ್ಮ ಲೈಟ್‌ಹೌಸಿನ ಮುಂದೆ ಸೆರಗು ಹೊದ್ದು ನೆಟ್ಟಗೆ ನಿಂತರು. "ಮಕ ಚೆಂದಾಗ್ ಕಾಣಂಗೆ ತೆಗಿ ಮಗ."

ಒಂದು ತೆಗೆದೆ. ನೋಡಿದರೆ ಲೈಟ್‌ಹೌಸು ಅವರ ನೆತ್ತಿಯಿಂದಲೇ ಎದ್ದು ಬಂದ ಹಾಗಿತ್ತು. ಥೂ ಅಂದುಕೊಂಡೆ. ಅವರನ್ನು ಬಂಡೆ ಹತ್ತಿಸಿ, ಕಡಲಿಗೆ ತಿರುಗಿಸಿ, ಲೈಟ್‌ಹೌಸು ಬಲಗಡೆಗೆ ಬರುವಂತೆ ಸರಿದು ನಿಂತು ಹನ್ನೆರಡು ತೆಗೆದೆ.

"ಬೆನ್ನ್ಯಾಕ್ ತೆಗಿತೀಯ? ಸೀರೆಯೆಲ್ಲ ನೆಂದೋಯ್ತು ಕಣ್ಲಾ!" ಎಂದು ಅವರು ಬೈಯುತ್ತಲೇ ನಿಂತಿದ್ದರು.

ಬಹುಮಾನ ಕೊಡುವಾಗ ತೀರ್ಪುಗಾರರು, ಆ ಹೆಂಗಸಿನ ಏಕಾಂತ ಕಡಲಿಗಿಂತ ದೊಡ್ಡದು ಎಂದರು. ಏಕಾಂತವಂತೆ! ಪಕ್ಕದಲ್ಲಿ ಇಡೀ ಟೆಂಪೊ ಜನ ಚುರುಮುರಿ ತಿನ್ನುತ್ತಾ ನಗುತ್ತಿದ್ದರು. ನಾನು ಹಲ್ಲು ಕಿರಿದು ಫಲಕ ಇಸಿದುಕೊಂಡೆ.

ಈ ಆಷಾಢದಲ್ಲಿ ಎದೆನೋವು ಎಂದು ಕೂತ ಪುಟ್ಟತಾಯಮ್ಮ ಮತ್ತೆ ಏಳಲಿಲ್ಲ. ನಾಲ್ಕನೇ ದಿನ ಅವರ ಗಂಡ ಪುಟ್ಟರಾಜಣ್ಣ ಅಂಗಡಿಗೆ ಬಂದರು.

"ತಿಥಿಗೆ ಅವಳ ಫೋಟ ಬೇಕು ಕಣ ನಾಗೇಸ. ಸಮುದ್ರದತ್ರ ತೆಗ್ದಿದ್ಯಲ್ಲ, ಅದ್ರಾಗಿಂದ ಮಕ ತಗದು ದೊಡ್ಡದ್ ಮಾಡ್ಕೊಡು."

ನಮ್ಮ ಕಡೆ ಪದ್ಧತಿಯೇ ಇದು. ಯಾರಾದರೂ ಹೋದರೆ ಮದುವೆಯದೋ ಪ್ರವಾಸದ್ದೋ ಫೋಟೊದಿಂದ ಮುಖ ಬಿಡಿಸಿ, ಹಿಂದೆ ನೀಲಿ ಬಣ್ಣ ಹಾಕಿ, ಕಟ್ಟು ಹಾಕಿಸುತ್ತಾರೆ. ಇಪ್ಪತ್ತು ವರ್ಷ ನಾನು ಅನ್ನ ತಿಂದದ್ದೇ ಆ ಕೆಲಸದಿಂದ. ಜನ ಕ್ಯಾಮೆರಾ ಮುಂದೆ ಯಾಕೆ ಅಷ್ಟು ನೆಟ್ಟಗೆ ನಿಲ್ಲುತ್ತಾರೆಂದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು?

ಕಂಪ್ಯೂಟರಿನಲ್ಲಿ ಹನ್ನೆರಡು ಬೆನ್ನುಗಳಿದ್ದವು. ಮೊದಲನೆಯದನ್ನು, ಅವರು ನಗುತ್ತಿದ್ದುದನ್ನು, ವಾಪಸು ಬರುವಾಗ ಟೆಂಪೊದಲ್ಲೇ ಅಳಿಸಿ ಹಾಕಿದ್ದೆ. ಮನೆಯಲ್ಲಿದ್ದದ್ದು ಮಸಿ ಬಳಿದಂಥ ಆಧಾರ್ ಕಾರ್ಡಿನ ಮುಖ ಒಂದೇ.

"ಆ ಕಾರ್ಡ್ನಾಗಿರೋದು ಅವಳಲ್ಲ ಬುಡು," ಎಂದು ಪುಟ್ಟರಾಜಣ್ಣ ಗೋಡೆಯಿಂದ ಬಹುಮಾನದ ಫೋಟೊವನ್ನೇ ಇಳಿಸಿಕೊಂಡರು. "ಇದ್ರಾಗಾದ್ರೂ ಅವ್ಳೆ."

ತಿಥಿಯ ದಿನ ಅದನ್ನು ಕುರ್ಚಿಯ ಮೇಲಿಟ್ಟು ಹಾರ ಹಾಕಿದ್ದರು. ಮುತ್ತೈದೆಯಾಗಿ ಹೋದವರು, ಹಣೆಗೆ ಕುಂಕುಮ ಇಡಬೇಕು. ಪುಟ್ಟರಾಜಣ್ಣ ಬೆರಳಿಗೆ ಕುಂಕುಮ ಹಚ್ಚಿಕೊಂಡು ಬಗ್ಗಿದರು. ಬೆರಳು ಗಾಜಿನ ಹತ್ತಿರ ಹೋಗಿ, ಆ ಚಿಕ್ಕ ತುರುಬಿನ ಮುಂದೆ ನಿಂತುಬಿಟ್ಟಿತು. ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಎಲ್ಲಿಗಿಡ್ಲಿ, ನಾಗೇಸ?"