ತಿರುವಿನಲ್ಲಿ ಎತ್ತುವ ಬೆರಳು

ನಮ್ಮ ಕಡೆಯ ರಸ್ತೆಗಳಲ್ಲಿ ಎದುರಿಗೆ ಗಾಡಿ ಬಂದರೆ ಸ್ಟೇರಿಂಗಿನಿಂದ ಕೈ ತೆಗೆಯದೆ ತೋರುಬೆರಳೊಂದನ್ನು ಮೇಲಕ್ಕೆತ್ತಬೇಕು. ಗುರುತಿನವರಿರಲಿ, ಇಲ್ಲದಿರಲಿ. ನನ್ನಂಥವಳಿಗೆ ಅದೊಂದು ದೊಡ್ಡ ಅನುಕೂಲ, ಬಾಯಿ ತೆರೆಯದೆ ಇಡೀ ಊರನ್ನು ಮಾತಾಡಿಸಬಹುದಿತ್ತು. ಶಾಲಾ ಮಂಡಳಿಯ ಜಗಳ ಶುರುವಾದ ಮೇಲೆ ಆ ಬೆರಳುಗಳೂ ಕೆಳಗಿಳಿದವು. ಶಾಲೆಯ ಲೈಬ್ರರಿಯಿಂದ ಕೆಲವು ಪುಸ್ತಕಗಳನ್ನು ತೆಗೆಯಬೇಕು ಎನ್ನುವವರು ಮನೆಯ ಮುಂದೆ ಕಿತ್ತಳೆ ಬಣ್ಣದ ಫಲಕ ನೆಟ್ಟರು, ಕೂಡದು ಎನ್ನುವವರು ನೀಲಿ ಫಲಕ. ಜನ ಎದುರು ಬರುವ ಗಾಡಿಯ ಮೇಲೆ ಅಂಟಿಸಿದ ಬಣ್ಣ ನೋಡಿ, ಆಮೇಲೆ ಬೆರಳೆತ್ತುವುದೋ ಬೇಡವೋ ಎಂದು ಯೋಚಿಸತೊಡಗಿದರು.

ನನಗೆ ಬೇಕಾಗಿದ್ದದ್ದು ಬಸ್ಸು. ನಾನು ಚಿಕ್ಕವಳಿದ್ದಾಗ ಶಾಲೆಯ ಬಸ್ಸು ಎಳೆದು ತಂದು ನಿಲ್ಲಿಸಿದ ನಮ್ಮ ಟ್ರೇಲರ್ ಮನೆಗಳ ಕೇರಿಯ ಒಳಗೇ ಬಂದು ತಿರುಗಿಕೊಂಡು ಹೋಗುತ್ತಿತ್ತು. ಆಮೇಲೆ ಸಮಯ ಉಳಿಸಲು ಹೆದ್ದಾರಿಯ ತಿರುವಿನಲ್ಲೇ ನಿಲ್ಲಿಸತೊಡಗಿದರು. ಚಳಿಗಾಲದ ಬೆಳಗಿನಲ್ಲಿ ಇನ್ನೂ ಕತ್ತಲಿರುವಾಗ ಅಕ್ಕನ ಮಗಳು ಟೆಸ್ಸಾ ಮತ್ತು ಕೇರಿಯ ಉಳಿದ ಮಕ್ಕಳು ಅಲ್ಲಿ ಹಿಮದ ಗುಡ್ಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ಡಿಸೆಂಬರಿನಲ್ಲಿ ಒಂದು ಕಾರು ಮಂಜುಗಡ್ಡೆಯ ಮೇಲೆ ಜಾರಿ ನಮ್ಮ ಅಂಚೆ ಡಬ್ಬಿಗಳ ಸಾಲನ್ನು ಕೆಡವಿತು. ಮಕ್ಕಳು ಚರಂಡಿಗೆ ಹಾರಿ ಉಳಿದರು. ಅಮ್ಮ ಮಂಡಳಿಯ ಸಭೆಗೆ ಹೋಗಿ ಮಾತಾಡಲು ಕಾದಳು. ಪುಸ್ತಕದವರ ಕೂಗಾಟಕ್ಕೇ ಹೊತ್ತು ಮುಗಿದು, ಹೇಳದೆಯೇ ಮನೆಗೆ ಬಂದಳು.

ಆ ರಾತ್ರಿ ಡೈರಿಯಲ್ಲಿ ಏನೇನೋ ಬರೆದೆ. ಮರುದಿನ ಓದಿದಾಗ ನಾಚಿಕೆಯಾಯಿತು. ಬರೆದದ್ದನ್ನು ಓದುವವರು ನಾನಲ್ಲದೆ ಬೇರಾರು? ಶಾಲಾ ಮಂಡಳಿಯ ಚುನಾವಣೆಗೆ ಹೆಸರು ಕೊಟ್ಟು ಬಂದೆ.

"ನೀನಾ?" ಎಂದಳು ಅಮ್ಮ. "ಪಿಜ್ಜಾ ತರಿಸೋಕೆ ಫೋನ್ ಮಾಡು ಅಂದ್ರೆ ಬಚ್ಚಲುಮನೆ ಸೇರ್ಕೊಳ್ಳೋಳು."

"ಹೂಂ, ನಾನೇ."

ಪ್ರಚಾರಕ್ಕೆ ಗಾಡಿ ಬೇಕಿತ್ತು. ಅಮ್ಮನ ಕಾರು ಅವಳ ಕೆಲಸಕ್ಕೆ ಬೇಕು. ಅಮ್ಮನ ಅಣ್ಣ ವರ್ನ್ ಮಾವ ತಮ್ಮ ಪಿಕಪ್ ಟ್ರಕ್ಕನ್ನು ಕೊಡಲು ಒಪ್ಪಿದರು. ಅವರು ನಸುಕಿನಲ್ಲಿ ಹಾಲಿನ ಟ್ಯಾಂಕರ್ ಓಡಿಸುವವರು, ಹಗಲಲ್ಲಿ ಪಿಕಪ್ ಸುಮ್ಮನೆ ನಿಂತಿರುತ್ತದೆ. ಆದರೆ ಅದರ ಹಿಂಬದಿಗೆ ಬಾಗಿಲಷ್ಟು ದೊಡ್ಡ ಕಿತ್ತಳೆ ಬೋರ್ಡನ್ನು ನಟ್ಟು ಬೋಲ್ಟು ಹಾಕಿ ಬಿಗಿದಿದ್ದರು.

"ಬೋರ್ಡ್ ಮುಟ್ಬೇಡ," ಎಂದರು ಬೀಗದ ಕೈ ಕೊಡುತ್ತಾ. "ಬಾಕಿದ್ದು ನಿನ್ನಿಷ್ಟ."

ಹಾಗೆ ನಾನು ಕಿತ್ತಳೆ ಟ್ರಕ್ಕಿನಲ್ಲಿ ಓಟು ಕೇಳಲು ಹೊರಟೆ. ಕಿತ್ತಳೆಯವರು ದೂರದಿಂದಲೇ ಬೆರಳೆತ್ತಿದರು, ಮನೆಗೆ ಹೋದರೆ ಕಾಫಿ ಕೊಟ್ಟರು. ಪುಸ್ತಕಗಳು ಇದ್ದಲ್ಲೇ ಇರಲಿ ಅನ್ನುವವಳು ನಾನು ಎಂದು ತಿಳಿದಾಗ ಕಪ್ಪನ್ನು ನಿಧಾನವಾಗಿ ವಾಪಸ್ ತೆಗೆದುಕೊಂಡರು. ನೀಲಿ ಮನೆಗಳಲ್ಲಿ ಟ್ರಕ್ಕು ಕಂಡ ಕೂಡಲೇ ಪರದೆ ಸರಿಯುತ್ತಿತ್ತು. ಒಂದು ಮನೆಯ ಮೆಟ್ಟಿಲ ಮೇಲೆ ನಿಂತು ನನ್ನ ಹೆಸರನ್ನೇ ತಪ್ಪಾಗಿ ಹೇಳಿದೆ.

ಆದರೂ ಗಾಡಿಯೊಳಗೆ ಕೂತಾಗ ನಾನು ಬೇರೆಯವಳೇ. ಒಂದು ದಿನ ನಿರ್ಧರಿಸಿದೆ: ಎದುರು ಯಾರೇ ಬರಲಿ, ಯಾವ ಬಣ್ಣವೇ ಇರಲಿ, ನಾನೇ ಮೊದಲು ಬೆರಳೆತ್ತುವುದು. ನೀಲಿಯವರು ಗಲಿಬಿಲಿಗೊಂಡರು. ವರ್ನ್ ಜಾಸ್ಟ್ರೋನ ಟ್ರಕ್ಕು ತಮಗೆ ನಮಸ್ಕಾರ ಮಾಡುವುದೇ? ಮನಸ್ಸು ಬೇಡವೆನ್ನುವ ಮೊದಲೇ ಹಳೆಯ ಅಭ್ಯಾಸದಿಂದ ಅವರ ಬೆರಳೂ ಮೇಲೇಳುತ್ತಿತ್ತು. ದಾಟಿ ಹೋದ ಮೇಲೆ ಕನ್ನಡಿಯಲ್ಲಿ ನೋಡಿದರೆ ಅವರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿರುವ ಹಾಗೆ ಕಾಣುತ್ತಿತ್ತು.

ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ಫೈರ್ ಸ್ಟೇಷನ್ನಿನ ಸಭಾಂಗಣದಲ್ಲಿ ಮೀನು ಕರಿದು ಊರಿಗೆಲ್ಲ ಊಟ ಹಾಕುತ್ತಾರೆ. ಚುನಾವಣೆಗೆ ನಿಂತವರು ಬಡಿಸಬೇಕು, ಅದು ಮೊದಲಿನಿಂದ ಬಂದದ್ದು. ನನ್ನ ಪಾಲಿಗೆ ಎಲೆಕೋಸಿನ ಸಲಾಡ್ ಬಂತು. ಆ ವರ್ಷ ಕಿತ್ತಳೆಯವರು ಕಿಟಕಿಯ ಕಡೆಯ ಟೇಬಲ್ಲುಗಳಲ್ಲಿ, ನೀಲಿಯವರು ಅಡುಗೆಮನೆಯ ಕಡೆ. ನಡುವಿನ ಒಂದು ಟೇಬಲ್ಲು ಖಾಲಿ.

ಸಲಾಡಿಗೆ ತಟ್ಟೆ ಚಾಚಿದ ಮಾವ ಬಡಿಸಿದ ಮೇಲೂ ಮುಂದೆ ಸರಿಯಲಿಲ್ಲ.

"ಟ್ರಕ್ಕು ಕೊಟ್ಟಿದ್ದು ಓಟು ಕೇಳು ಅಂತ. ನೀಲಿಯೋರ ಮನೆ ಮುಂದೆಲ್ಲಾ ನಿಲ್ಸಿ ನನ್ನ ಮಾನ ಕಳಿ ಅಂತಲ್ಲ. 'ವರ್ನ್, ಯಾವಾಗ ಆ ಕಡೆ ಹಾರಿದೆ' ಅಂತ ಒಂದೇ ಸಮ ಫೋನು."

"ಆ ಮನೆ ಮಕ್ಕಳೂ ನಮ್ಮ ಶಾಲೇಗೇ ಬರೋದಲ್ವಾ ಮಾವ?"

"ಓಹೋ. ನಾಲಿಗೆ ಬಂತು ನಮ್ಮ ಮಾರ್ಲಾಗೆ." ಆಮೇಲೆ ದನಿ ತಗ್ಗಿಸಿದರು. "ನೋಡು, ಈಗ್ಲೇ ನಮ್ಮ ಟೇಬಲ್ ಹತ್ರ ಬಂದು ಒಂದೇ ಮಾತು ಹೇಳು, ಆ ಪುಸ್ತಕ ತೆಗಿಸ್ತೀನಿ ಅಂತ. ಗೆಲ್ಸೋದು ನಂಗೆ ಬಿಡು."

ಹಿಂದಿನ ದಿನವಷ್ಟೇ ನೀಲಿ ಅಭ್ಯರ್ಥಿ ಹಲ್ವರ್ಸನ್ ಮೇಡಂ, ನನಗೆ ಐದನೇ ಕ್ಲಾಸಿನಲ್ಲಿ ಪಾಠ ಹೇಳಿದವರು, ಇದೇ ಧಾಟಿಯಲ್ಲಿ ಮಾತಾಡಿದ್ದರು. 'ನಮ್ಮ ಜೊತೆ ನಿಂತ್ಕೋ, ಬಸ್ಸಿನ ವಿಷಯ ಈಗ ಎತ್ತಿ ಜನರ ತಲೆ ಕೆಡಿಸ್ಬೇಡ.'

"ಪುಸ್ತಕ ಇರ್ಲಿ ಅಂತಾನೇ ನಾನು," ಎಂದೆ. "ಕೇಳಿದೋರಿಗೆಲ್ಲ ಹೇಳಿದೀನಿ. ಆದ್ರೆ ನಿಂತಿರೋದು ಅದಕ್ಕಲ್ಲ. ಮಾವ, ಬೆಳಗ್ಗೆ ಟ್ಯಾಂಕರ್‌ನಲ್ಲಿ ನಮ್ಮ ತಿರುವು ದಾಟ್ತೀರಲ್ಲ, ಟೆಸ್ಸಾ ಕಾಣ್ತಾಳಾ?"

ಅವರು ತಟ್ಟೆ ಕೆಳಗಿಟ್ಟರು.

"ಇಲ್ಲ."

"ಮತ್ತೆ?"

"ಅಲ್ಲಿರ್ತಾಳೆ ಅಂತ ಗೊತ್ತಲ್ಲ. ಬ್ರೇಕ್ ಒತ್ತಿ, ಬೆರಳೆತ್ತಿ, ಹೋಗ್ತೀನಿ."

"ಕತ್ತಲಲ್ಲಿ ಬೆರಳು ಯಾರಿಗೆ ಕಾಣುತ್ತೆ?"

"ಯಾರಿಗೂ ಕಾಣಲ್ಲ ಕಣೇ. ಇನ್ನೇನು ಮಾಡ್ಲಿ?"

"ನಾನೂ ಎತ್ತೀನಿ," ಎಂದಿತು ನೀಲಿ ಟೇಬಲ್ಲಿನಿಂದ ಒಂದು ದನಿ. ಹಿಮ ತಳ್ಳುವ ಗಾಡಿ ಓಡಿಸುವ ಎಲ್ರಾಯ್ ಸ್ಟಿಂಗಲ್.

"ನಿನ್ನ ಯಾರು ಕೇಳಿದ್ರು?" ಎಂದರು ಮಾವ, ತಿರುಗಿ ನೋಡದೆ.

"ನನ್ ಗಾಡಿಗೆ ಮುಂದೆ ಹಿಮ ತಳ್ಳೋ ಬ್ಲೇಡ್ ಬೇರೆ ಇದೆ ವರ್ನ್. ಆ ತಿರುವು ದಾಟೋವರೆಗೂ ಉಸಿರು ಬಿಡಲ್ಲ ನಾನು."

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಗೊತ್ತಾಯಿತು. ಸೌಟು ಇಟ್ಟು, ನಡುವಿನ ಖಾಲಿ ಟೇಬಲ್ಲಿನ ಹತ್ತಿರ ಹೋಗಿ, ಅದರ ಅಂಚನ್ನು ಹಿಡಿದು ನಿಂತೆ.

"ಬಸ್ಸು ಕೇರಿಯೊಳಗೆ ಬರ್ಬೇಕು," ಎಂದೆ. "ಗೆದ್ರೆ ಮೊದಲನೇ ಸಭೇಲಿ, ಮೊದಲನೇ ವಿಷಯವಾಗಿ ಅದನ್ನ ಕೇಳ್ತೀನಿ. ಅದಕ್ಕೆ ಮುಂಚೆ ಬೇರೆ ಯಾವ ಜಗಳಕ್ಕೂ ಬರಲ್ಲ. ಸೋತ್ರೆ ಪ್ರತಿ ಸಭೆಗೂ ಬಂದು ಹಿಂದುಗಡೆ ಕೂತು ಕೇಳ್ತೀನಿ. ಅಷ್ಟೇ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊರಡುವಾಗ ಬೀಗದ ಕೈ ವಾಪಸ್ ಕೊಡಲು ಹೋದೆ. ಮಾವ ತೆಗೆದುಕೊಳ್ಳಲಿಲ್ಲ.

"ಉತ್ತರದ ಕಡೆ ಮನೆಗಳು ಬಾಕಿ ಇವೆಯಲ್ಲ," ಎಂದರು. "ಬೋರ್ಡ್ ಮಾತ್ರ ಮುಟ್ಬೇಡ."

ಏಪ್ರಿಲಿನಲ್ಲಿ ಓಟು ಎಣಿಸಿದಾಗ, ಖಾಲಿಯಿದ್ದ ಎರಡು ಸ್ಥಾನಗಳಲ್ಲಿ ಒಂದು ಹಲ್ವರ್ಸನ್ ಮೇಡಂಗೆ ಹೋಯಿತು, ಇನ್ನೊಂದು ಕೂದಲೆಳೆಯಲ್ಲಿ ನನಗೆ. ಮೊದಲ ಸಭೆಯ ದಿನ ಸಭಾಂಗಣ ತುಂಬಿತ್ತು. ಮೊದಲನೆಯ ವಿಷಯ ಪುಸ್ತಕಗಳು. ಬಸ್ಸು ಕೊನೆಯಲ್ಲಿ.

ಅಧ್ಯಕ್ಷರು ಶುರು ಮಾಡುವ ಮೊದಲು ಮೈಕನ್ನು ಹತ್ತಿರ ಎಳೆದುಕೊಂಡೆ. ಅದು ಕಿರ್ರೆಂದಿತು. "ಬಸ್ಸಿನ ವಿಷಯವನ್ನು ಮೊದಲು ತೆಗೆದುಕೊಳ್ಳಬೇಕೆಂದು ಸೂಚಿಸುತ್ತೇನೆ," ಎಂದೆ. ಕನ್ನಡಿಯ ಮುಂದೆ ಉರುಹೊಡೆದ ವಾಕ್ಯ.

"ಅನುಮೋದನೆ?" ಎಂದರು ಅಧ್ಯಕ್ಷರು.

ಉಳಿದ ಸದಸ್ಯರಲ್ಲಿ ಒಬ್ಬರಾದರೂ ಹೂಂ ಅನ್ನದಿದ್ದರೆ ಸೂಚನೆ ಅಲ್ಲೇ ಬಿದ್ದುಹೋಗುತ್ತದೆ. ಹಲ್ವರ್ಸನ್ ಮೇಡಂ ಕಾಗದ ನೋಡುತ್ತಿದ್ದರು. ನಾನು ತಲೆ ತಗ್ಗಿಸಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದೆ. ಕೊನೆಯಲ್ಲಿ ಕಿತ್ತಳೆಯವರ ಗೋರ್ಡಿ ಪ್ರಿಬ್, ನನಗೆ ಕೊಟ್ಟ ಕಾಫಿಯನ್ನು ವಾಪಸ್ ತೆಗೆದುಕೊಂಡಿದ್ದ ಅದೇ ಮನುಷ್ಯ, ಮೇಜಿನಿಂದ ಅಂಗೈ ಎತ್ತದೆ ಒಂದು ಬೆರಳನ್ನು ಮೇಲೆ ಮಾಡಿದರು.

"ಪುಸ್ತಕದ ವಿಷಯಕ್ಕೆ ಬಂದಾಗ ನಿನ್ನ ಬಿಡಲ್ಲ ಕಣಮ್ಮ," ಎಂದರು.

"ನಾನೂ ಬಿಡಲ್ಲ," ಎಂದೆ.

ಬಸ್ಸು ಈಗ ಕೇರಿಯೊಳಗೆ ಬಂದು ನಮ್ಮ ಕಿಟಕಿಯ ಎದುರೇ ತಿರುಗಿಕೊಳ್ಳುತ್ತದೆ. ಹೆದ್ದಾರಿಯ ತಿರುವಿನಲ್ಲಿ ಯಾರೂ ನಿಲ್ಲುವುದಿಲ್ಲ. ಮಾವ ಮಾತ್ರ ಅಲ್ಲಿ ಇನ್ನೂ ಬ್ರೇಕ್ ಒತ್ತಿ ಬೆರಳೆತ್ತಿಯೇ ಮುಂದೆ ಹೋಗುತ್ತಾರಂತೆ.